ಕಂಬಗಳ ನಡುವಿನ ಅಂತರ: ತೆರೆದ ಪಡಸಾಲೆಗಳನ್ನು ಓದುವ ಒಂದು ದಾರಿ

ಒಂದು ಕಡೆ ಗೋಡೆ, ಇನ್ನೊಂದು ಕಡೆ ಬರೀ ಕಂಬಗಳ ಸಾಲು, ಮೇಲೆ ಚಾವಣಿ. ಗ್ರೀಸಿನಲ್ಲಿ ಇದು ಸ್ಟೋವಾ, ಇಟಲಿಯಲ್ಲಿ ಲಾಜಿಯಾ ಅಥವಾ ಪೋರ್ಟಿಕೊ, ನಮ್ಮ ದೇವಸ್ಥಾನಗಳಲ್ಲಿ ಕೈಸಾಲೆ. ವಾಸ್ತುಶಿಲ್ಪದ ಇತಿಹಾಸ ಓದುವಾಗ ನಾವು ಕಂಬದ ತಲೆಯ ಕೆತ್ತನೆ ನೋಡಿ ಡೋರಿಕ್, ಅಯಾನಿಕ್ (ಗ್ರೀಕ್ ಕಂಬಗಳ ಎರಡು ಶೈಲಿಗಳು) ಅಂತ ಬರೆದುಕೊಂಡು ಮುಂದೆ ಹೋಗಿಬಿಡುತ್ತೇವೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಬೇರೆ ಪ್ರಶ್ನೆ: ಎರಡು ಕಂಬಗಳ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ, ಯಾಕೆ ಅಷ್ಟೇ ಬಿಟ್ಟಿದ್ದಾರೆ? ಕಟ್ಟಡದ ಸಾಮಾನು, ಮೇಲಿನ ಭಾರ, ಕಟ್ಟಿಸಿದವರ ಉದ್ದೇಶ ಎಲ್ಲವೂ ಆ ಅಂತರದಲ್ಲೇ ಸಿಗುತ್ತವೆ.

ಅಥೆನ್ಸಿನ ಅಟ್ಟಾಲೋಸ್ ಸ್ಟೋವಾದಿಂದ ಶುರು ಮಾಡೋಣ. ಇದನ್ನು ಕಟ್ಟಿಸಿಕೊಟ್ಟವನು ಪೆರ್ಗಮಾನ್ (ಇಂದಿನ ಟರ್ಕಿಯಲ್ಲಿದ್ದ ಗ್ರೀಕ್ ರಾಜ್ಯ) ರಾಜ ಎರಡನೇ ಅಟ್ಟಾಲೋಸ್. ಅವನು ಆಳಿದ್ದು ಕ್ರಿ.ಪೂ. 159ರಿಂದ 138ರವರೆಗೆ. ಎರಡು ಅಂತಸ್ತು, ಉದ್ದ ಸುಮಾರು 116 ಮೀಟರ್. ಹಿಂಭಾಗದಲ್ಲಿ ಅಂತಸ್ತಿಗೆ 21ರಂತೆ ಅಂಗಡಿಗಳು. ಮುಂದಿನದು ಜನ ಓಡಾಡುವ, ನಿಂತು ಮಾತಾಡುವ ಜಾಗ.

ಕೆಳ ಅಂತಸ್ತಿನಲ್ಲಿ ಎರಡು ಸಾಲು ಕಂಬಗಳಿವೆ. ಹೊರಸಾಲಿನಲ್ಲಿ 45 ಡೋರಿಕ್ ಕಂಬ, ಒಳಸಾಲಿನಲ್ಲಿ 22 ಅಯಾನಿಕ್ ಕಂಬ. ಲೆಕ್ಕ ಹಾಕಿ ನೋಡಿ. ಹೊರಗೆ ಸುಮಾರು ಎರಡೂವರೆ ಮೀಟರಿಗೊಂದು ಕಂಬ, ಒಳಗೆ ಅದರ ಎರಡರಷ್ಟು ದೂರಕ್ಕೊಂದು. ಒಂದೇ ಕಟ್ಟಡದಲ್ಲಿ ಯಾಕೆ ಹೀಗೆ?

ಹೊರಸಾಲಿನ ಮೇಲೆ ಕೂತಿರುವುದು ಅಮೃತಶಿಲೆಯ ತೊಲೆಗಳು. ಕಲ್ಲನ್ನು ಮೇಲಿಂದ ಎಷ್ಟು ಒತ್ತಿದರೂ ತಡೆಯುತ್ತದೆ. ಆದರೆ ಎಳೆತಕ್ಕೆ ಸಿಕ್ಕರೆ ಬೇಗ ಸೀಳುತ್ತದೆ. ಪುಸ್ತಕ ತುಂಬಿದ ಕಪಾಟಿನ ಹಲಗೆ ನಡುವೆ ಬಾಗುತ್ತದಲ್ವಾ, ಆಗ ಅದರ ಅಡಿಭಾಗ ಹಿಗ್ಗುತ್ತದೆ. ಮರ ಆ ಹಿಗ್ಗನ್ನು ತಾಳಿಕೊಳ್ಳುತ್ತದೆ. ಕಲ್ಲಿನ ತೊಲೆಯಾದರೆ ಅಡಿಯಿಂದಲೇ ಬಿರುಕು ಬಿಡುತ್ತದೆ. ಅದಕ್ಕೇ ಹೊರಗಡೆ ಕಂಬಗಳು ಹತ್ತಿರ ಹತ್ತಿರ. ಒಳಸಾಲಿನ ಕಂಬಗಳು ಹೊತ್ತದ್ದು ಮೇಲಂತಸ್ತಿನ ಮರದ ತೊಲೆಗಳನ್ನು. ಹಾಗಾಗಿ ಅಲ್ಲಿ ಒಂದು ಬಿಟ್ಟು ಒಂದು ಕಂಬ ತೆಗೆಯುವುದು ಸಾಧ್ಯವಾಯಿತು, ಜನರಿಗೆ ಜಾಗ ಜಾಸ್ತಿ ಸಿಕ್ಕಿತು.

ಇಲ್ಲಿ ಇನ್ನೊಂದು ಚಿಕ್ಕ ವಿವರ ನನಗೆ ಬಹಳ ಇಷ್ಟ. ಡೋರಿಕ್ ಕಂಬದ ಮೈತುಂಬ ಉದ್ದುದ್ದ ತೋಡುಗಳಿರುತ್ತವೆ, ಅವುಗಳ ಅಂಚು ಚೂಪು. ಅಟ್ಟಾಲೋಸ್ ಸ್ಟೋವಾದ ಹೊರಗಂಬಗಳಲ್ಲಿ ಕೆಳಗಿನ ಮೂರನೇ ಒಂದು ಭಾಗದಲ್ಲಿ ಈ ತೋಡುಗಳಿಲ್ಲ, ನುಣುಪಾಗಿ ಬಿಟ್ಟಿದ್ದಾರೆ. ಜನ ಒರಗುವ, ಸಾಮಾನು ತಾಗುವ ಎತ್ತರ ಅದು. ಅಂಚಿದ್ದರೆ ಮುಕ್ಕಾಗುತ್ತಿತ್ತು. ಸಂತೆಯಂಥ ಜಾಗಕ್ಕೆ ಕಟ್ಟುತ್ತಿದ್ದೇವೆ ಎಂಬ ಎಚ್ಚರ ಶಿಲ್ಪಿಗಳಿಗೆ ಎಷ್ಟಿತ್ತು ನೋಡಿ.

ಇಂದು ನಾವು ನೋಡುವುದು 1950ರ ದಶಕದಲ್ಲಿ ಮತ್ತೆ ಕಟ್ಟಿದ ಕಟ್ಟಡ. ಮೂಲ ಕಟ್ಟಡ ಕ್ರಿ.ಶ. 267ರಲ್ಲಿ ಹೆರುಲಿ ಎಂಬ ಬುಡಕಟ್ಟಿನವರ ದಾಳಿಯಲ್ಲಿ ಹಾಳಾಯಿತು. ಆಮೇಲೆ ಅದರ ಉಳಿದ ಭಾಗವನ್ನು ಕೋಟೆಗೋಡೆಯೊಳಗೆ ಸೇರಿಸಿಕೊಂಡರು. ಅದರಿಂದಲೇ ಉತ್ತರದ ತುದಿ ಚಾವಣಿಯ ಮಟ್ಟದವರೆಗೂ ಉಳಿಯಿತು, ಮರುನಿರ್ಮಾಣದವರಿಗೆ ಎತ್ತರದ ಅಳತೆ ಸಿಕ್ಕಿತು.

ಇದನ್ನು ಓದಿದ ಮೇಲೆ ಸೋಮನಾಥಪುರದ ಕೇಶವ ದೇವಾಲಯದ ಕೈಸಾಲೆ ನೋಡಿ. 13ನೇ ಶತಮಾನದ ಹೊಯ್ಸಳರ ಕೆಲಸ. ಅಂಗಳದ ಸುತ್ತ 64 ಸಣ್ಣ ಗುಡಿಗಳು, ಅವುಗಳ ಮುಂದೆ ಕಂಬಸಾಲು. ಅಥೆನ್ಸಿನಲ್ಲಿ ಹಿಂದೆ ಅಂಗಡಿ, ಇಲ್ಲಿ ಹಿಂದೆ ಗುಡಿ. ಎರಡಕ್ಕೂ ಸಂಬಂಧ ಏನಿಲ್ಲ. ಆದರೆ ಇಲ್ಲೂ ಕಲ್ಲಿನ ಕಂಬದ ಮೇಲೆ ಕಲ್ಲಿನ ತೊಲೆ, ಆದ್ದರಿಂದ ಇಲ್ಲೂ ಕಂಬಗಳು ಒತ್ತೊತ್ತು.

ಅಂತರ ಹಿಗ್ಗಬೇಕಾದರೆ ಕಮಾನು ಬೇಕು. ಕಮಾನಿನಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ. ಫ್ಲಾರೆನ್ಸಿನ ಒಸ್ಪೆದಾಲೆ ದೆಲಿ ಇನೊಚೆಂತಿ ಇದಕ್ಕೆ ಒಳ್ಳೆಯ ಉದಾಹರಣೆ. ಇದು ಅನಾಥ ಶಿಶುಗಳ ಆಶ್ರಯಧಾಮ. ಖರ್ಚು ರೇಷ್ಮೆ ವರ್ತಕರ ಸಂಘದ್ದು, ವಿನ್ಯಾಸ ವಾಸ್ತುಶಿಲ್ಪಿ ಬ್ರುನೆಲೆಸ್ಕಿಯದು, ಕೆಲಸ ಶುರುವಾದದ್ದು 1419ರಲ್ಲಿ. ಮುಂಭಾಗದ ಲಾಜಿಯಾದಲ್ಲಿ ಒಂಬತ್ತು ಕಮಾನುಗಳು. ಕಂಬದ ಎತ್ತರ, ಎರಡು ಕಂಬಗಳ ಅಂತರ, ಕಂಬದಿಂದ ಹಿಂದಿನ ಗೋಡೆಗಿರುವ ದೂರ, ಮೂರೂ ಒಂದೇ ಅಳತೆ. ಅಂದರೆ ಪ್ರತಿ ಅಂಕಣವೂ (ಕಂಬದಿಂದ ಕಂಬದವರೆಗಿನ ಒಂದೊಂದು ಖಾನೆಯೂ) ಒಂದು ಘನಾಕೃತಿ, ಅದರ ಮೇಲೊಂದು ಗುಮ್ಮಟದಂಥ ಚಾವಣಿ.

ಕಂಬಗಳು ಎಷ್ಟು ತೆಳ್ಳಗಿವೆ ಅಂದರೆ ಇವು ಹೇಗೆ ನಿಂತಿವೆ ಅನ್ನಿಸುತ್ತದೆ. ಕಮಾನು ತನ್ನ ಕಾಲುಗಳನ್ನು ಹೊರಕ್ಕೆ ತಳ್ಳುತ್ತದೆ. ಸಾಲಿನ ಉದ್ದಕ್ಕೆ ಅಕ್ಕಪಕ್ಕದ ಕಮಾನುಗಳು ಪರಸ್ಪರ ತಳ್ಳಿ ಸರಿಹೋಗುತ್ತವೆ. ಆದರೆ ಕಟ್ಟಡದ ಮುಂದಿನ ಚೌಕದ ಕಡೆಗೆ ತಳ್ಳುವ ಬಲಕ್ಕೆ ಎದುರು ಏನೂ ಇಲ್ಲ. ಅದಕ್ಕೆ ಕಂಬದ ತಲೆಯಿಂದ ಹಿಂದಿನ ಗೋಡೆಗೆ ಕಬ್ಬಿಣದ ಸರಳು ಹಾಕಿದ್ದಾರೆ. ಫೋಟೋದಲ್ಲಿ ಹುಡುಕಿ, ತೆಳುವಾದ ಗೆರೆಯ ಹಾಗೆ ಕಾಣುತ್ತದೆ. ನೀವು ಸೆಕ್ಷನ್ (ಕಟ್ಟಡವನ್ನು ಸೀಳಿದಂತೆ ತೋರಿಸುವ ಚಿತ್ರ) ಬರೆಯುವಾಗ ಆ ಸರಳನ್ನು ಬಿಟ್ಟರೆ ಚಿತ್ರ ಅಂದವಾಗಿಯೇ ಇರುತ್ತದೆ, ಆದರೆ ಅಂಥ ಕಟ್ಟಡ ನಿಲ್ಲುವುದಿಲ್ಲ!

ಈ ಲಾಜಿಯಾ ಸುಮ್ನೆ ಅಂದಕ್ಕೆ ಇದ್ದದ್ದಲ್ಲ. ಸಾಕಲಾಗದ ಶಿಶುವನ್ನು ಹೆತ್ತವರು ಇದರ ನೆರಳಲ್ಲೇ ಬಿಟ್ಟು ಹೋಗುತ್ತಿದ್ದರು. ಮೊದಲ ಮಗು ಬಂದದ್ದು 1445ರ ಫೆಬ್ರವರಿ 5ರಂದು. ಅಂದು ಸಂತ ಅಗಾತಾಳ ದಿನ, ಆ ಹೆಣ್ಣುಮಗುವಿಗೆ ಅಗಾತಾ ಸ್ಮೆರಾಲ್ಡಾ ಅಂತ ಹೆಸರಿಟ್ಟರು. ಕಮಾನುಗಳ ನಡುವೆ ಕಾಣುವ ಬಟ್ಟೆ ಸುತ್ತಿದ ಶಿಶುಗಳ ದುಂಡು ಫಲಕಗಳು ಆಮೇಲಿನವು, ಶಿಲ್ಪಿ ಆಂದ್ರೆಯಾ ದೆಲಾ ರೊಬ್ಬಿಯಾ ಮಾಡಿದ್ದು.

ಕೊನೆಯದು ಇಟಲಿಯದೇ ಇನ್ನೊಂದು ಊರು, ಬೊಲೊನ್ಯಾ. ಇಲ್ಲಿ ಅಳತೆಯನ್ನು ಕಾನೂನೇ ಹೇಳಿತು. ವಿದ್ಯಾರ್ಥಿಗಳು, ವಲಸಿಗರು ಹೆಚ್ಚಾದಂತೆ ಜನ ಮನೆಯ ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿದರು. ಚಾಚು ಜಾಸ್ತಿಯಾದಾಗ ಕೆಳಗೆ ಮರದ ಕಂಬ ಕೊಟ್ಟರು. ಬೇರೆ ಊರುಗಳಲ್ಲಾದರೆ ಒತ್ತುವರಿ ಅಂತ ಕೀಳಿಸುತ್ತಿದ್ದರು. ಬೊಲೊನ್ಯಾ 1288ರಲ್ಲಿ ಉಲ್ಟಾ ಮಾಡಿತು: ಹೊಸ ಮನೆಗೆ ಪೋರ್ಟಿಕೊ ಇರಲೇಬೇಕು, ಹಳೆಯ ಮನೆಗೆ ಇಲ್ಲದಿದ್ದರೆ ಸೇರಿಸಬೇಕು. ಎತ್ತರ ಕನಿಷ್ಠ 2.66 ಮೀಟರ್, ಕುದುರೆ ಮೇಲೆ ಕೂತವನು ದಾಟುವಷ್ಟು. ಜಾಗ ಮನೆಯವರದು, ಓಡಾಟದ ಹಕ್ಕು ಊರಿನವರದು. ಈ ಒಂದು ನಿಯಮ ಇಡೀ ಊರಿನ ರೂಪ ಬದಲಿಸಿತು ಅಂತ ನನ್ನ ಅಭಿಪ್ರಾಯ. 1568ರಲ್ಲಿ ಮರದ ಕಂಬಗಳ ಬದಲು ಇಟ್ಟಿಗೆ, ಕಲ್ಲು ಹಾಕಬೇಕೆಂದು ಆಜ್ಞೆಯಾಯಿತು. ಆದರೂ ಇಸೊಲಾನಿ ಮನೆಯ ಮುಂದೆ ಸುಮಾರು 9 ಮೀಟರ್ ಎತ್ತರದ ಓಕ್ ಕಂಬಗಳು ಇನ್ನೂ ನಿಂತಿವೆ. ಊರಿನ ಪೋರ್ಟಿಕೊಗಳ ಒಟ್ಟು ಉದ್ದ 62 ಕಿಲೋಮೀಟರ್. 2021ರಲ್ಲಿ ಇವು ಯುನೆಸ್ಕೋ ಪಟ್ಟಿಗೆ ಸೇರಿದವು.

ಎಲ್ಲಕ್ಕಿಂತ ಉದ್ದನೆಯದು ಸಾನ್ ಲೂಕಾ ಪೋರ್ಟಿಕೊ. ಬೆಟ್ಟದ ಮೇಲಿನ ಮಾತೆ ಮೇರಿಯ ಚಿತ್ರಪಟವನ್ನು ಪ್ರತಿವರ್ಷ ಮೆರವಣಿಗೆಯಲ್ಲಿ ಊರಿಗೆ ತರುತ್ತಾರೆ. 1433ರಲ್ಲಿ ಬಿಡದೆ ಮಳೆ ಸುರಿದು ಬೆಳೆ ಹಾಳಾಗುವಾಗ ಈ ಪಟವನ್ನು ಕೆಳಗೆ ತಂದರು, ಮಳೆ ನಿಂತಿತು ಎಂಬುದು ಅಲ್ಲಿನ ನಂಬಿಕೆ. ಆ ಮೆರವಣಿಗೆಯ ದಾರಿಗೆ 1674ರಿಂದ ಚಾವಣಿ ಕಟ್ಟತೊಡಗಿದರು. ಸುಮಾರು 3.8 ಕಿಲೋಮೀಟರ್, 666 ಕಮಾನುಗಳು. ಸರಾಸರಿ ತೆಗೆದರೆ ಒಂದೊಂದು ಕಮಾನಿಗೆ 5.7 ಮೀಟರ್. ಅಟ್ಟಾಲೋಸ್ ಸ್ಟೋವಾದ ಹೊರಸಾಲಿನ ಅಂತರದ ಎರಡರಷ್ಟಕ್ಕಿಂತ ಹೆಚ್ಚು, ಅದೂ ಬೆಟ್ಟ ಹತ್ತುವ ದಾರಿಯಲ್ಲಿ.