ಯೂನಿಟ್ ಸಾಕು, ವ್ಯಾಟ್ ಸಾಲದು: ಒಂದು ಹಳ್ಳದ ಕರೆಂಟನ್ನು ಹತ್ತು ಮನೆ ಹಂಚಿಕೊಳ್ಳುವ ಲೆಕ್ಕ

ಸಮುದಾಯ ಇಂಧನ ವ್ಯವಸ್ಥೆಯ ಅಧ್ಯಾಯವನ್ನು ಈ ವಾರ ಮೂರನೆಯ ಸಲ ಓದಿದೆ. ಮೊದಲೆರಡು ಸಲವೂ ಒಂದೇ ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೆ: 1,000 ವ್ಯಾಟಿನ ಒಂದು ಹಳ್ಳದ ಟರ್ಬೈನ್ ಹತ್ತು ಮನೆಗೆ ಸಾಕೇ ಎನ್ನುವ ಅಭ್ಯಾಸದ ಪ್ರಶ್ನೆಯಲ್ಲಿ. ಈಗ ಗಂಟು ಬಿಚ್ಚಿದೆ, ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ನೀರು ಟರ್ಬೈನನ್ನು ತಿರುಗಿಸುವುದು, ಇದರಲ್ಲಿ ಕಲ್ಲಿದ್ದಲು ಸುಡಬೇಕಿಲ್ಲ ಎನ್ನುವುದು ಶಿವಮೊಗ್ಗ ಜಿಲ್ಲೆಯವರಿಗೆ ಹೊಸದಲ್ಲ. ಅದನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಹಳ್ಳದಲ್ಲಿ ಎಷ್ಟು ಕರೆಂಟ್ ಇದೆ?

ಸೂತ್ರ ಹೀಗಿದೆ: 9.81 × ಸೆಕೆಂಡಿಗೆ ಹರಿಯುವ ಲೀಟರ್ × ನೀರು ಇಳಿಯುವ ಎತ್ತರ ಮೀಟರುಗಳಲ್ಲಿ × ದಕ್ಷತೆ (ನೀರಿನ ಶಕ್ತಿಯಲ್ಲಿ ಕರೆಂಟಾಗಿ ಸಿಗುವ ಪಾಲು). ಉತ್ತರ ವ್ಯಾಟ್‌ಗಳಲ್ಲಿ ಬರುತ್ತದೆ. ಮನೆ ಹಿಂದಿನ ಹಳ್ಳಕ್ಕೆ ಹಾಕುವ ಸಣ್ಣ ಟರ್ಬೈನಿನ ಒಟ್ಟು ದಕ್ಷತೆಯನ್ನು ಅರ್ಧ ಎಂದು ಹಿಡಿದರೆ 9.81ರ ಅರ್ಧ ಹತ್ತಿರ ಹತ್ತಿರ 5. ಹಾಗಾಗಿ ನನ್ನ ಸುಲಭ ದಾರಿ ಇದು: ಲೀಟರ್, ಮೀಟರ್ ಎರಡನ್ನೂ ಗುಣಿಸಿ, ಬಂದದ್ದನ್ನು 5ರಿಂದ ಗುಣಿಸಿ. ಬಾಯಲ್ಲೇ ಮಾಡಬಹುದು. ಸೆಕೆಂಡಿಗೆ 5 ಲೀಟರ್, 40 ಮೀಟರ್ ಎತ್ತರ ಎಂದರೆ 1,000 ವ್ಯಾಟ್. ಎತ್ತರ ಎಂದರೆ ನೇರ ಎತ್ತರ, ಗುಡ್ಡದ ಮೇಲೆ ಎಳೆದ ಪೈಪಿನ ಉದ್ದವಲ್ಲ.

ನಾನು ಸಿಕ್ಕಿಬಿದ್ದ ಜಾಗ

1,000 ವ್ಯಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಮೇಲಿನ ಟರ್ಬೈನ್ ಹಗಲು ರಾತ್ರಿ ಓಡಿದರೆ ದಿನಕ್ಕೆ 24 ಯೂನಿಟ್, ತಿಂಗಳಿಗೆ 720 ಯೂನಿಟ್. ಹತ್ತು ಮನೆಗೆ ಹಂಚಿದರೆ ತಲಾ 72. ದೀಪ, ಫ್ಯಾನ್, ಟಿವಿ, ಮಿಕ್ಸಿ ಇರುವ ಸಾಧಾರಣ ಮನೆಗೆ ಅಷ್ಟು ಸಾಕು. ಹಾಗೆಂದು ಅಭ್ಯಾಸದ ಪ್ರಶ್ನೆಗೆ "ಸಾಕಾಗುತ್ತದೆ" ಎಂದು ಬರೆದೆ. ಸರಿಯುತ್ತರ "ಸಾಲದು" ಎಂದಿತ್ತು. ಭಾಗಾಕಾರ ತಪ್ಪಿರಬಹುದೆಂದು ನಾಲ್ಕು ಸಲ ಮಾಡಿದೆ. ಭಾಗಾಕಾರ ಸರಿಯಾಗಿಯೇ ಇತ್ತು.

ಉತ್ತರ ಸಿಕ್ಕಿದ್ದು ಹೊಸನಗರದ ಕಡೆಯ ದೊಡ್ಡಮ್ಮನ ಮನೆಯಲ್ಲಿ. ಅವರಲ್ಲಿ ಮಳೆಗಾಲಕ್ಕೆ ಹಳ್ಳದ ಟರ್ಬೈನ್ ಉಂಟು. ಬೆಳಿಗ್ಗೆ ಚಟ್ನಿಗೆ ಕಾಯಿ ತುರಿದು ಜಾರಿಗೆ ಹಾಕಿದ ದೊಡ್ಡಮ್ಮ, ಸ್ವಿಚ್ ಮೇಲೆ ಬೆರಳಿಟ್ಟುಕೊಂಡೇ ಹಿತ್ತಿಲಿನತ್ತ ಕೂಗಿದರು: "ಮೋಟರ್ ಬಂದ್ ಮಾಡಿದಿರಾ?" ಹಿತ್ತಿಲಿನಿಂದ "ಹ್ಞೂಂ" ಎಂದು ಕೇಳಿದ ಮೇಲೆಯೇ ಮಿಕ್ಸಿ ಗುರುಗುಟ್ಟಿತು. ಅಡುಗೆಮನೆಯ ಬಲ್ಬ್ ಒಂದು ಕ್ಷಣ ಮಂಕಾಗಿ ಮತ್ತೆ ಬೆಳಗಿತು. ಮಿಕ್ಸಿ 750 ವ್ಯಾಟ್, ಒಂದು ಎಚ್‌ಪಿ ಮೋಟರ್ 746 ವ್ಯಾಟ್. ಎರಡೂ ಒಟ್ಟಿಗೆ ಓಡಿದರೆ 1,000 ವ್ಯಾಟಿನ ಟರ್ಬೈನ್ ತಡೆಯುವುದಿಲ್ಲ. ಮಿಕ್ಸಿ ಐದು ನಿಮಿಷ ಓಡಿದರೆ ಖರ್ಚಾಗುವುದು ಯೂನಿಟಿನ ಹದಿನಾರನೆಯ ಒಂದು ಭಾಗ ಮಾತ್ರ. ಆದರೆ ಆ ಐದು ನಿಮಿಷ ಅದು ಹಳ್ಳದ ಮುಕ್ಕಾಲು ಪಾಲು ಕೇಳುತ್ತದೆ.

ಯೂನಿಟ್ ಎಂದರೆ ದಿನವಿಡೀ ತುಂಬಿದ ನೀರಿನ ಲೆಕ್ಕ. ವ್ಯಾಟ್ ಎಂದರೆ ಈ ಕ್ಷಣ ನಲ್ಲಿಯಿಂದ ಬೀಳುವ ಧಾರೆ. ಬ್ಯಾಟರಿ ಇಲ್ಲದ ಟರ್ಬೈನಿಗೆ ತೊಟ್ಟಿಯೇ ಇಲ್ಲ, ಧಾರೆ ಮಾತ್ರ. ರಾತ್ರಿ ಎರಡು ಗಂಟೆಗೆ ಯಾರೂ ಬಳಸದ ಕರೆಂಟನ್ನು ಬೆಳಗಿನ ಚಟ್ನಿಗೆ ಎತ್ತಿಡಲು ಬರುವುದಿಲ್ಲ. ಹೆಚ್ಚಾದ ಕರೆಂಟನ್ನು ಲೋಡ್ ಕಂಟ್ರೋಲರ್ ಒಂದು ಹೀಟರಿಗೆ ಹರಿಸುತ್ತದೆ. ಅದನ್ನು ಬಚ್ಚಲಿನ ನೀರಿಗೆ ಇಳಿಬಿಟ್ಟರೆ ಅಷ್ಟರ ಮಟ್ಟಿಗೆ ಸೌದೆ ಉಳಿಯುತ್ತದೆ.

ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಅದೂ ರಾಜ್ಯದ ಉಳಿದ ವಿದ್ಯುತ್ ಕೇಂದ್ರಗಳೂ ಸೇರಿದ ಜಾಲಕ್ಕೆ ಒಂದು ಮಿಕ್ಸಿ ಲೆಕ್ಕಕ್ಕೇ ಬರುವುದಿಲ್ಲ. ಆ ತಂತಿಯ ಕೆಳಗೆ ಬೆಳೆದವರಿಗೆ ಈ ಪ್ರಶ್ನೆ ಎದುರಾಗುವುದೇ ಇಲ್ಲ.

ಮೂರು ಮನೆಯ ಲೆಕ್ಕ

ಈಗ ಡೈವರ್ಸಿಟಿ ಫ್ಯಾಕ್ಟರ್, ಅಂದರೆ ಮನೆಗಳ ಗರಿಷ್ಠ ಬಳಕೆ ಎಷ್ಟರ ಮಟ್ಟಿಗೆ ಬೇರೆ ಬೇರೆ ಹೊತ್ತಿಗೆ ಬರುತ್ತದೆ ಎನ್ನುವ ಅಳತೆ. ಇದನ್ನು ನಿಧಾನವಾಗಿ ಬರೆಯುತ್ತೇನೆ. ಬೆಳಿಗ್ಗೆ 6, 7, ಮಧ್ಯಾಹ್ನ 1, ಸಂಜೆ 7, ಈ ನಾಲ್ಕು ಹೊತ್ತಿನ ಬಳಕೆ ನೋಡೋಣ. ಅಂಕಿಗಳು ನಾನೇ ಹಾಕಿಕೊಂಡವು.

ಮೊದಲ ಮನೆ: 900, 200, 100, 400 ವ್ಯಾಟ್.
ಎರಡನೆಯ ಮನೆ: 100, 800, 100, 300.
ಮೂರನೆಯ ಮನೆ: 200, 300, 700, 400.

ಒಂದೊಂದು ಮನೆಯ ಗರಿಷ್ಠವನ್ನು ಮಾತ್ರ ಆರಿಸಿ ಕೂಡಿದರೆ 900 + 800 + 700 = 2,400. ಈಗ ಹೊತ್ತು ಹೊತ್ತಿಗೆ ಕೂಡಿ: 1,200, 1,300, 900, 1,100. ಮೂರೂ ಮನೆ ಸೇರಿ ಕೇಳುವ ಗರಿಷ್ಠ 1,300 ಮಾತ್ರ. 2,400ನ್ನು 1,300ರಿಂದ ಭಾಗಿಸಿದರೆ ಸುಮಾರು 1.85. ಇದೇ ಡೈವರ್ಸಿಟಿ ಫ್ಯಾಕ್ಟರ್. ಬೇರೆ ಬೇರೆಯಾಗಿ ಮೂರು ಟರ್ಬೈನ್ ಹಾಕಿದರೆ ಒಟ್ಟು 2,400 ವ್ಯಾಟ್ ಬೇಕು, ಒಂದಾಗಿ ಹಾಕಿದರೆ 1,300 ಸಾಕು. ನೆರೆಹೊರೆಯವರು ಕೂಡಿ ಹಾಕುವುದರಿಂದ ಉಳಿಯುವ ದುಡ್ಡು ಎಲ್ಲಿಂದ ಬರುತ್ತದೆ ಎನ್ನುವುದು ಈ ಒಂದು ಭಾಗಾಕಾರದಲ್ಲಿದೆ.

ಯಾವುದು ಮೇಲೆ, ಯಾವುದು ಕೆಳಗೆ ಎಂದು ನನಗೆ ಪ್ರತಿ ಸಲ ಗೊಂದಲವಾಗುತ್ತಿತ್ತು. ಬಿಡಿಬಿಡಿಯಾಗಿ ಅಳೆದು ಕೂಡಿದ್ದು ಮೇಲೆ, ಒಟ್ಟಿಗೆ ಅಳೆದದ್ದು ಕೆಳಗೆ. ಉತ್ತರ 1ಕ್ಕಿಂತ ಕಡಿಮೆ ಬಂದರೆ ತಲೆಕೆಳಗಾಗಿದೆ ಎಂದರ್ಥ. ಇಲ್ಲಿ ಎಲ್ಲೂ ಸರಾಸರಿ ತೆಗೆಯಬಾರದು. 72 ಯೂನಿಟ್ ಎನ್ನುವಾಗ ನಾನು ಮಾಡಿದ ತಪ್ಪು ಅದೇ.

ಅಡಿಕೆ ಕೊಯ್ಲು ಬಂದಾಗ

ಮಲೆನಾಡಿಗೆ ಈ ಸೂತ್ರವನ್ನು ಹಾಗೆಯೇ ತಂದರೆ ಕೈಕೊಡುತ್ತದೆ. ಕೊಯ್ಲಿನಲ್ಲಿ ಹಗಲೆಲ್ಲ ಗೊನೆ ಇಳಿಸಿ, ಸಂಜೆಯಾಗುತ್ತಿದ್ದಂತೆ ಮನೆಮನೆಯಲ್ಲೂ ಅಡಿಕೆ ಸುಲಿಯುವ ಯಂತ್ರ ಶುರುವಾಗುತ್ತದೆ. ಹಸಿ ಅಡಿಕೆ ಕಾಯುವುದಿಲ್ಲ. ಎಲ್ಲರ ಗರಿಷ್ಠವೂ ಒಂದೇ ಹೊತ್ತಿಗೆ ಬಂದರೆ ಫ್ಯಾಕ್ಟರ್ 1ಕ್ಕೆ ಇಳಿಯುತ್ತದೆ, ಕೂಡಿ ಹಾಕಿದ ಲಾಭವೆಲ್ಲ ಕರಗುತ್ತದೆ. ಆಗ ಉಳಿಯುವ ದಾರಿ ಸರದಿ. ಇವತ್ತು ನಮ್ಮ ಮನೆ, ನಾಳೆ ನಿಮ್ಮ ಮನೆ. ನಮ್ಮಲ್ಲಿ ಕೆಲಸಕ್ಕೆ ಮುಯ್ಯಾಳು ಎನ್ನುವ ಪದ್ಧತಿ ಇದ್ದದ್ದೇ ಹೀಗೆ. ಪಠ್ಯದಲ್ಲಿ "ಸಹಯೋಗದ ಜಾಲ" ಎಂದಿರುವುದನ್ನು ನಾನು ಮೊದಲು ತಂತಿಯ ಜಾಲ ಎಂದೇ ಓದಿದ್ದೆ. ಸರದಿಯ ಒಪ್ಪಂದವೂ ಆ ಜಾಲದ ಒಂದು ಭಾಗ, ಪೈಪು ಟರ್ಬೈನುಗಳಷ್ಟೇ ಮುಖ್ಯವಾದ ಭಾಗ.

ಸ್ಕಾಟ್‌ಲೆಂಡಿನ ಎಗ್ ದ್ವೀಪದವರು ಈ ಒಪ್ಪಂದವನ್ನು ನಿಯಮವನ್ನಾಗಿಯೇ ಮಾಡಿಕೊಂಡರು. 2008ರಲ್ಲಿ ಅವರದೇ ಒಡೆತನದ ಜಾಲ ಶುರುವಾಯಿತು. ನೀರು, ಗಾಳಿ, ಬಿಸಿಲು ಮೂರೂ ಅದರಲ್ಲಿವೆ. ಮನೆಗೆ 5 ಕಿಲೋವ್ಯಾಟ್, ವ್ಯಾಪಾರಕ್ಕೆ 10 ಕಿಲೋವ್ಯಾಟ್ ಮಿತಿ. ಅವರು ಮಿತಿ ಹಾಕಿದ್ದು ಯೂನಿಟಿಗಲ್ಲ, ವ್ಯಾಟಿಗೆ. ಮೊದಲ ಓದಿನಲ್ಲಿ ಈ ಸಾಲು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಉಳಿದ ಉದಾಹರಣೆಗಳು, ಚುಟುಕಾಗಿ

ನೇಪಾಳದ ಬಾಗ್ಲುಂಗ್ ಜಿಲ್ಲೆಯಲ್ಲಿ ಬಿಡಿಬಿಡಿಯಾಗಿದ್ದ 6 ಕಿರು ಜಲವಿದ್ಯುತ್ ಘಟಕಗಳನ್ನು ಒಂದೇ ತಂತಿಗೆ ಸೇರಿಸಿದರು. ಒಟ್ಟು 107 ಕಿಲೋವ್ಯಾಟ್. ಇಲ್ಲಿ ಜಾಲ ಎಂದರೆ ಎರಡೂ ಅರ್ಥ: ಘಟಕಗಳು ಒಂದೇ ಲಯದಲ್ಲಿ ತಿರುಗಬೇಕು, ಊರುಗಳು ಸಹಕಾರಿ ಸಂಸ್ಥೆಯಲ್ಲಿ ಕೂಡಬೇಕು.

ನಮ್ಮಲ್ಲಿ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮ. ಹಳ್ಳಿಗಳಿಗೆ ತಂತ್ರಜ್ಞಾನ ಒಯ್ಯುವ, ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ತಂಡ ಅಲ್ಲಿ ಮೊದಲು ಅಡುಗೆಗೆ ಗೋಬರ್ ಗ್ಯಾಸ್ ಕೊಡಲು ಹೊರಟಿತು, ಸಗಣಿ ಸಾಲಲಿಲ್ಲ. 1987ರಿಂದ ಅದೇ ಗ್ಯಾಸಿನಲ್ಲಿ ಎಂಜಿನ್ ಓಡಿಸಿ ಕುಡಿಯುವ ನೀರು, ದೀಪ ಒದಗಿಸಿದರು. ಸಗಣಿ ಕೊಟ್ಟವರಿಗೆ ಗ್ಯಾಸ್ ತೆಗೆದು ಉಳಿದ ಬಗ್ಗಡ ಗೊಬ್ಬರವಾಗಿ ವಾಪಸ್. ಊರಿಗೆ ಮೊದಲು ಬೇಕಾದದ್ದು ಏನೆಂದು ಕೇಳಿ ಯೋಜನೆ ಬದಲಿಸಿದ ಈ ಉದಾಹರಣೆ ನನಗೆ ಎಲ್ಲಕ್ಕಿಂತ ಇಷ್ಟ.

ಕಾನೂನು: 2003ರ ವಿದ್ಯುತ್ ಕಾಯ್ದೆಯ 14ನೆಯ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಅಧಿಸೂಚಿಸಿದ ಗ್ರಾಮೀಣ ಪ್ರದೇಶದಲ್ಲಿ ತಯಾರಿಸಿ ಹಂಚಲು ಪರವಾನಗಿ ಬೇಡ, ಸುರಕ್ಷತಾ ನಿಯಮ ಪಾಲಿಸಬೇಕು.

ಬೇಸಿಗೆಯ ಲೆಕ್ಕ

ಹಳ್ಳ ಬತ್ತಿ ಸೆಕೆಂಡಿಗೆ 1 ಲೀಟರ್ ಉಳಿಯಿತು ಎನ್ನಿ. 1 × 40 × 5, ಅಂದರೆ 200 ವ್ಯಾಟ್, ದಿನಕ್ಕೆ 4.8 ಯೂನಿಟ್. ಮಳೆಗಾಲದ 24 ಯೂನಿಟಿಗೆ 19.2 ಕಡಿಮೆ. ಒಂದು ಕಿಲೋವ್ಯಾಟ್ ಸೌರ ಫಲಕ ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. 19.2ನ್ನು 4ರಿಂದ ಭಾಗಿಸಿದರೆ 4.8 ಕಿಲೋವ್ಯಾಟ್ ಫಲಕ ಬೇಕು. ಕಡಿಮೆಯಾದ 800 ವ್ಯಾಟ್ ನೀರಿನ ಜಾಗಕ್ಕೆ ಹತ್ತಿರ ಹತ್ತಿರ ಐದು ಕಿಲೋವ್ಯಾಟ್ ಬಿಸಿಲು, ಏಕೆಂದರೆ ಹಳ್ಳ ರಾತ್ರಿಯೂ ಹರಿಯುತ್ತದೆ. ಸಂಜೆಯ ದೀಪಕ್ಕೆ ಬ್ಯಾಟರಿಯೂ ಬೇಕಾಗುತ್ತದೆ. ಹತ್ತು ಮನೆಗೆ ಅದು ಎಷ್ಟು ದೊಡ್ಡದಿರಬೇಕು ಎನ್ನುವುದು ಮುಂದಿನ ಅಧ್ಯಾಯದ ಮೊದಲ ಪ್ರಶ್ನೆ.