ಸಾವನ್ನೇ ಕುಣಿಸಿದ ಹಾಡು

ಇಟಲಿಯ ಗಾಯಕ, ಪಿಟೀಲುವಾದಕ ಆಂಜೆಲೊ ಬ್ರಾಂಡುವಾರ್ಡಿ 1977ರಲ್ಲಿ ಹೊರತಂದ ‘ಲಾ ಪುಲ್ಚೆ ದಾಕ್ವಾ’ ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಮೊದಲು ಬಾಯಿ ತೆರೆಯುವವಳು ಮೃತ್ಯು. ಕಿರೀಟ ಧರಿಸಿದವಳು ನಾನು, ನಿಮ್ಮೆಲ್ಲರ ಒಡತಿ ಎಂದು ತನ್ನ ಪರಿಚಯ ತಾನೇ ಹೇಳಿಕೊಳ್ಳುತ್ತಾಳೆ. ‘ಬಾಲ್ಲೊ ಇನ್ ಫಾ ದಿಯೇಸಿಸ್ ಮಿನೋರೆ’ (ಎಫ್ ಶಾರ್ಪ್ ಮೈನರ್ ಸ್ವರಶ್ರೇಣಿಯ ಕುಣಿತ) ಎಂಬ ಈ ಹಾಡನ್ನು ಕೇಳಿದವರಿಗೆ ಇದು ನೇರವಾಗಿ ಮಧ್ಯಯುಗದಿಂದ ಬಂದದ್ದು ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದರ ಮಾತಿನ ಮೂಲ 1539ರ ಒಂದು ಗೋಡೆ, ಮಟ್ಟಿನ ಮೂಲ 1578ರ ಒಂದು ಮುದ್ರಿತ ಪುಸ್ತಕ. ಅಪ್ಪಟ ಮಧ್ಯಯುಗದ್ದು ಅವೆರಡರ ಹಿಂದಿರುವ ಕಥೆಯಷ್ಟೇ.

ಆ ಕಥೆ 13ನೇ ಶತಮಾನದ ಫ್ರೆಂಚ್ ಪದ್ಯಗಳಲ್ಲಿ ಸಿಗುತ್ತದೆ. ಮೈತುಂಬ ಒಡವೆ, ಕಣ್ತುಂಬ ಗರ್ವ ಹೊತ್ತ ಮೂವರು ಯುವಕರಿಗೆ ಮೂರು ಹೆಣಗಳು ಎದುರಾಗುತ್ತವೆ. ಹೆಣಗಳು ಹೆದರಿಸುವುದಿಲ್ಲ, ಮಾತನಾಡುತ್ತವೆ: ಈಗ ನೀವಿರುವಂತೆ ಒಮ್ಮೆ ನಾವಿದ್ದೆವು, ಈಗ ನಾವಿರುವಂತೆ ಮುಂದೆ ನೀವಾಗುವಿರಿ. ಯುರೋಪಿನ ಈ ಸಾವಿನ ಗೀಳಿಗೆ ಪ್ಲೇಗೇ ಕಾರಣ ಎಂದು ಹೇಳಿ ಮುಗಿಸಿಬಿಡುವುದು ವಾಡಿಕೆ. ಕಾಲಾನುಕ್ರಮ ಅದಕ್ಕೆ ಒಪ್ಪುವುದಿಲ್ಲ. ಪ್ಲೇಗ್ ಇಟಲಿಗೆ ಕಾಲಿಟ್ಟದ್ದು 1347ರಲ್ಲಿ. ಪೀಸಾ ನಗರದ ಕಾಂಪೊಸಾಂತೊ ಸ್ಮಶಾನದ ಗೋಡೆಯಲ್ಲಿ, ಬೇಟೆಗೆ ಹೊರಟ ಕುದುರೆ ಸವಾರರು ತೆರೆದ ಶವಪೆಟ್ಟಿಗೆಗಳ ಮುಂದೆ ನಿಂತುಬಿಡುವ ಚಿತ್ರ ಅದಕ್ಕೂ ಕೆಲವು ವರ್ಷ ಮೊದಲಿನದು. ಪ್ಲೇಗ್ ಕಥೆಯನ್ನು ಹುಟ್ಟಿಸಲಿಲ್ಲ, ಅದನ್ನು ನಂಬುವವರನ್ನು ಮನೆಮನೆಯಲ್ಲೂ ಹುಟ್ಟಿಸಿತು.

ಮಾತು ಕುಣಿತವಾದದ್ದು ಆಮೇಲೆ. 1424–25ರಲ್ಲಿ ಪ್ಯಾರಿಸ್ಸಿನ ಒಂದು ಸ್ಮಶಾನದ ಗೋಡೆಯ ಮೇಲೆ ಪೋಪನಿಂದ ಹಿಡಿದು ಬಡವನ ತನಕ ಎಲ್ಲರನ್ನೂ ಸತ್ತವರು ಕೈಹಿಡಿದು ಕುಣಿಸಿಕೊಂಡು ಹೋಗುವ ಸಾಲು ಮೂಡಿತು. ಆ ಗೋಡೆ 17ನೇ ಶತಮಾನದಲ್ಲಿ ನೆಲಸಮವಾಯಿತು. ಅಷ್ಟರೊಳಗೆ ಅದರ ಮಾದರಿ ಆಲ್ಪ್ಸ್ ದಾಟಿತ್ತು.

ಉತ್ತರ ಇಟಲಿಯ ತ್ರೆಂತೀನೊ ಸೀಮೆಯ ಪಿಂಜೊಲೊ ಊರಿನಲ್ಲಿ ಸಂತ ವಿಜೀಲಿಯೊ ಚರ್ಚಿದೆ. ಅದರ ಹೊರಗೋಡೆಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ, ಉದ್ದಕ್ಕೂ ಒಂದು ಚಿತ್ರಪಟ್ಟಿ. ಊರೂರು ಅಲೆದು ಚರ್ಚುಗಳಿಗೆ ಬಣ್ಣ ಬಳಿಯುವುದನ್ನೇ ಕಸುಬಾಗಿಸಿಕೊಂಡಿದ್ದ ಬಾಸ್ಕೆನಿಸ್ ಮನೆತನದ ಸಿಮೋನೆ ಅದನ್ನು 1539ರಲ್ಲಿ ಬರೆದ. ಎಡತುದಿಯಲ್ಲಿ ಸಿಂಹಾಸನದ ಮೇಲೆ ಕಿರೀಟ ತೊಟ್ಟ ಅಸ್ಥಿಪಂಜರವೊಂದು ಕುಳಿತು ಬ್ಯಾಗ್‌ಪೈಪ್ ಊದುತ್ತಿದೆ. ಊದಲು ಕೆನ್ನೆಯಿಲ್ಲ, ಉಸಿರಿಲ್ಲ. ಚಿತ್ರಕಾರನಿಗೆ ಅದರ ಚಿಂತೆಯೂ ಇಲ್ಲ. ಪಕ್ಕದಲ್ಲಿ ಇನ್ನೆರಡು ಅಸ್ಥಿಪಂಜರಗಳ ಮೇಳ. ಅಲ್ಲಿಂದ ಮುಂದೆ ಪೋಪ್, ಕಾರ್ಡಿನಲ್, ಚಕ್ರವರ್ತಿ, ರಾಣಿ, ವೈದ್ಯ, ಭಿಕ್ಷುಕ, ಕೊನೆಗೆ ಎಳೆಯ ಮಗು. ಒಬ್ಬೊಬ್ಬರ ಪಕ್ಕದಲ್ಲೂ ಒಂದೊಂದು ಅಸ್ಥಿಪಂಜರ, ಪಂಕ್ತಿಭೇದವಿಲ್ಲದ ಮೆರವಣಿಗೆ. ಕಿರೀಟಧಾರಿಯ ಕೆಳಗೆ ಬರೆದ ದ್ವಿಪದಿಯೇ ಹಾಡಿನ ಮೊದಲ ಸಾಲುಗಳ ಮೂಲ. ಹಳೆಯ ನುಡಿಯನ್ನು ಇಂದಿನ ಇಟಾಲಿಯನ್‌ಗೆ ಒಗ್ಗಿಸಿದ್ದು ಬಿಟ್ಟರೆ ಬದಲಾವಣೆ ಅಲ್ಪ.

ಮಟ್ಟಿನ ದಾರಿ ಬೇರೆ. ಅಕ್ವಿಲೇಯಾದ ಚರ್ಚಿನಲ್ಲಿ ಸಂಗೀತದ ಹೊಣೆ ಹೊತ್ತಿದ್ದ ಪಾದ್ರಿ ಜೋರ್ಜೊ ಮೈನೇರಿಯೊ 1578ರಲ್ಲಿ ವೆನಿಸ್‌ನಲ್ಲಿ ಕುಣಿತದ ಮಟ್ಟುಗಳ ಪುಸ್ತಕವೊಂದನ್ನು ಅಚ್ಚು ಹಾಕಿಸಿದ. ನಾಲ್ಕು ವಾದ್ಯಗಳಿಗೆ ಹೊಂದಿಸಿದ ಆ ಮಟ್ಟುಗಳಲ್ಲಿ ಒಂದು ಫ್ರಿಯುಲಿ ಸೀಮೆಯ ‘ಸ್ಕಿಯಾರಾಜುಲಾ ಮಾರಾಜುಲಾ’. ಮಾಟಮಂತ್ರದ ಗೀಳಿದೆ ಎಂಬ ಗುಮಾನಿಯಿಂದ ಚರ್ಚಿನ ಧರ್ಮವಿಚಾರಣೆಗೆ ಸಿಕ್ಕಿ ಪಾರಾದವನು ಈ ಪಾದ್ರಿ. ಬ್ರಾಂಡುವಾರ್ಡಿ ಎತ್ತಿಕೊಂಡದ್ದು ಇದೇ ಮಟ್ಟನ್ನು. ಎರಡು ತುಣುಕು, ಮತ್ತೆ ಮತ್ತೆ ಸುತ್ತು. ಕಾಲು ತಾನಾಗಿ ತಾಳ ಹಾಕುತ್ತದೆ. ಸಾವಿನ ಮಾತಿಗೆ ಶೋಕದ ರಾಗವನ್ನಲ್ಲ, ಸಂತೆಯ ಕುಣಿತವನ್ನು ಜೋಡಿಸಿದ್ದರಲ್ಲೇ ಈ ಹಾಡಿನ ಜಾಣ್ಮೆಯಿದೆ.

1950ರಲ್ಲಿ ಮಿಲಾನ್ ಸಮೀಪದ ಕುಜ್ಜೋನೊದಲ್ಲಿ ಹುಟ್ಟಿ, ಜೆನೋವಾದ ಸಂಗೀತಶಾಲೆಯಲ್ಲಿ ಪಿಟೀಲು ಕಲಿತ ಬ್ರಾಂಡುವಾರ್ಡಿ ಬಂದ ಕಾಲ ರಾಕ್ ಸಂಗೀತದಲ್ಲಿ ದೀರ್ಘ, ಸಂಕೀರ್ಣ ರಚನೆಗಳನ್ನು ಕಟ್ಟುವ ಪ್ರೋಗ್ರೆಸಿವ್ ರಾಕ್ ಇಟಲಿಯಲ್ಲಿ ಹುಚ್ಚು ಹೊಳೆಯಾಗಿದ್ದ ಕಾಲ. ‘ಇಲ್ ಬಾಲೆತ್ತೊ ದಿ ಬ್ರೊಂಜೊ’ ತಂಡ 1972ರಲ್ಲಿ ಮುಳುಗಿದ ನಗರದ ಬ್ರೆಟನ್ (ಫ್ರಾನ್ಸಿನ ಬ್ರಿಟನಿ ಸೀಮೆಯ) ದಂತಕಥೆಯನ್ನು ‘ಈಸ್’ ಎಂಬ ಆಲ್ಬಮ್ ಆಗಿಸಿತು. ಮರುವರ್ಷ ‘ಮೆತಾಮೊರ್ಫೋಸಿ’ ತಂಡ ಕವಿ ಡಾಂಟೆ ಬಣ್ಣಿಸಿದ ನರಕಕ್ಕೆ ಇಳಿಯಿತು. ಅವರಿಗೆ ಹಳೆಯ ಕಥೆ ಸಾಕಿತ್ತು, ಸದ್ದು ಮಾತ್ರ ಆರ್ಗನ್ ಮತ್ತು ಸಿಂಥಸೈಜರ್‌ನದು. ಬ್ರಾಂಡುವಾರ್ಡಿ ಸದ್ದನ್ನೂ ಹಿಂದಕ್ಕೆ ಒಯ್ದರು. ಸಾರ್ಡಿನಿಯಾದ ಲುಯಿಜಿ ಲಾಯ್ ‘ಲಾ ಪುಲ್ಚೆ ದಾಕ್ವಾ’ ಆಲ್ಬಮ್ಮಿಗಾಗಿ ಲೌನೆದ್ದಾಸ್ ಎಂಬ ಊದುವಾದ್ಯ ನುಡಿಸಿದರು: ಮೂರು ಕೊಳವೆ, ಒಂದರಲ್ಲಿ ಬಿಡದ ಶ್ರುತಿ, ಉಳಿದೆರಡರಲ್ಲಿ ರಾಗ, ಉಸಿರು ಎಲ್ಲೂ ಕಡಿಯುವುದಿಲ್ಲ. ಮಾವ್ರಿತ್ಸಿಯೊ ಫಾಬ್ರಿತ್ಸಿಯೊ ಅವರ ವಾದ್ಯಸಂಯೋಜನೆ ಇಂಥ ಸದ್ದುಗಳಿಗೆ ಜಾಗ ಬಿಟ್ಟುಕೊಟ್ಟಿದೆ. ಮಾತುಗಳ ಹಿಂದೆ ಬ್ರಾಂಡುವಾರ್ಡಿಯ ಪತ್ನಿ ಲುಯಿಸಾ ಜಾಪ್ಪಾ ಅವರ ಕೈಯಿದೆ.

ಈ ದಂಪತಿ ಕಥೆ ಹೆಕ್ಕುವಾಗ ಊರು, ಧರ್ಮ ನೋಡಿದವರಲ್ಲ. 1976ರ ‘ಆಲ್ಲಾ ಫಿಯೇರಾ ದೆಲ್ಲೆಸ್ತ್’ ಹಾಡಿನ ಬೇರು ಯಹೂದಿಗಳ ಪಾಸ್ಕ ಹಬ್ಬದ ಸರಪಳಿ ಪದ್ಯ. 1977ರ ಆಲ್ಬಮ್ಮಿನಲ್ಲಿ ಹಸಿದ ಮುದುಕನಿಗೆ ಕೊಡಲು ಏನೂ ಸಿಗದೆ ತಾನೇ ಬೆಂಕಿಗೆ ಹಾರಿ ಚಂದ್ರನಲ್ಲಿ ನೆಲೆಸಿದ ಮೊಲದ ಹಾಡೂ ಇದೆ. ಅದು ಶಶ ಜಾತಕದ ಕಥೆ. ನಮ್ಮ ಮಕ್ಕಳಿಗೆ ಹುಣ್ಣಿಮೆಯಲ್ಲಿ ತೋರಿಸುವ ಮೊಲ. ಬೌದ್ಧರ ಜೊತೆ ಏಷ್ಯಾದ ಉದ್ದಗಲಕ್ಕೂ ಓಡಾಡಿದ ಆ ಕಥೆ ಇಟಾಲಿಯನ್ ಹಾಡೂ ಆಯಿತು.

ಇಷ್ಟೆಲ್ಲ ಎರವಲಿನ ನಡುವೆ ಇವರು ಸ್ವಂತವಾಗಿ ಸೇರಿಸಿದ್ದೇನು ಎಂದು ಕೇಳಿದರೆ, ಮೃತ್ಯುವಿನ ಹಾಡಿನ ಎರಡನೆಯ ಭಾಗವನ್ನು ತೋರಿಸಬೇಕು. ಪಿಂಜೊಲೊದ ಗೋಡೆಯಲ್ಲಿ ವಾದ್ಯ ಮೃತ್ಯುವಿನ ಕೈಯಲ್ಲಿದೆ, ಹೆಜ್ಜೆ ಹಾಕಬೇಕಾದವರು ಮನುಷ್ಯರು. ಬಲತುದಿಯಲ್ಲಿ ದೇವದೂತ ಮಿಕಾಯೇಲನೂ ಸೈತಾನನೂ ಪಾಪಪುಣ್ಯದ ಲೆಕ್ಕಕ್ಕೆ ಕಾದಿದ್ದಾರೆ. ಹಾಡಿನಲ್ಲಿ ನುಡಿಸುವವರು ಮನುಷ್ಯರು. ಈ ಕುಣಿತಕ್ಕೆ ನೀನೇ ಮುಖ್ಯ ಅತಿಥಿ, ಕುಡುಗೋಲು ಕೆಳಗಿಡು, ಒಂದು ಸುತ್ತು ಕುಣಿ, ಇನ್ನೊಂದು ಸುತ್ತು ಕುಣಿ ಎಂದು ಅವಳನ್ನೇ ಒತ್ತಾಯಿಸುತ್ತಾರೆ. ಕುಣಿಯುತ್ತಿರುವಷ್ಟು ಹೊತ್ತು ಕಾಲದ ಒಡೆತನ ಅವಳದಲ್ಲ. ಇಲ್ಲಿ ಮಿಕಾಯೇಲನಿಲ್ಲ, ಸೈತಾನನಿಲ್ಲ, ಪಶ್ಚಾತ್ತಾಪದ ಸೊಲ್ಲೂ ಇಲ್ಲ. ಸಿಮೋನೆ ಬಾಸ್ಕೆನಿಸ್‌ಗೆ ಬಣ್ಣದ ಕೂಲಿ ಕೊಟ್ಟವರು ಇದನ್ನು ಕೇಳಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.