ಹೂತ ಗಾಡಿಗೆ ಹಗ್ಗ ಎಲ್ಲಿ ಹಾಕಬೇಕು?

ಪ್ರಶ್ನೆ: ನನ್ನ ಫೋರ್ ಬೈ ಫೋರ್ ಕೆಸರಿನಲ್ಲಿ ಹೂತರೆ ಗೆಳೆಯನ ಗಾಡಿಯಿಂದ ಎಳೆಸಿಕೊಳ್ಳೋಣ ಅಂದುಕೊಂಡಿದ್ದೇನೆ. ಹಿಂದೆ ಟ್ರೇಲರ್ ಸಿಕ್ಕಿಸುವ ಟೋ ಬಾಲ್ ಇದೆ, ಗಟ್ಟಿಯಾಗಿಯೂ ಇದೆ. ಅದಕ್ಕೇ ಹಗ್ಗ ಹಾಕಿದರೆ ಆಗಲ್ವಾ?

ಆಗಲ್ಲ. ಬೇರೆ ಏನು ಮರೆತರೂ ಇದನ್ನು ಮಾತ್ರ ಮರೆಯಬೇಡಿ.

ಆ ಗುಂಡು ಗಟ್ಟಿ ಅನ್ನೋದೇನೋ ನಿಜ. ಆದರೆ ಅದನ್ನು ಮಾಡಿರುವುದು ಉರುಳುವ ಟ್ರೇಲರ್ ಎಳೆಯೋಕೆ. ಹೂತ ಗಾಡಿಯನ್ನು ಜಗ್ಗಿದಾಗ ಬೀಳುವ ಹೊಡೆತವೇ ಬೇರೆ. ಗುಂಡಿನ ಕುತ್ತಿಗೆ ಮುರಿಯಿತು ಅನ್ನಿ, ಬಿಗಿದು ನಿಂತ ಹಗ್ಗ ಅದನ್ನು ಕವಣೆ ಕಲ್ಲಿನ ಹಾಗೆ ಬೀಸಿ ಒಗೆಯುತ್ತದೆ. ಅದು ಗಾಜು ಒಡೆದು ಒಳಗೆ ಕೂತವರಿಗೆ ಬಡಿದು ಜೀವ ಹೋದದ್ದಿದೆ.

ಹಗ್ಗ ಹಾಕಬೇಕಾದದ್ದು ರಿಕವರಿ ಪಾಯಿಂಟ್‌ಗೆ. ಅಂದರೆ ಚಾಸಿಗೇ ಬಿಗಿದಿರುವ, ಎಷ್ಟು ಭಾರ ತಡೆಯುತ್ತದೆ ಅಂತ ಗೊತ್ತಿರುವ ಕೊಂಡಿಗೆ. ಬಂಪರ್ ಕೆಳಗೆ ಬಗ್ಗಿ ನೋಡಿದರೆ ತೆಳ್ಳಗಿನ ಕಬ್ಬಿಣದ ಬಳೆಯೂ ಕಾಣಬಹುದು. ಅದಕ್ಕೆ ಮೋಸ ಹೋಗಬೇಡಿ. ಅಂಥವು ಎಷ್ಟೋ ಸಲ ಗಾಡಿಯನ್ನು ಹಡಗಿನಲ್ಲೋ ಲಾರಿಯಲ್ಲೋ ಸಾಗಿಸುವಾಗ ಕಟ್ಟಿಹಾಕೋಕೆ ಕೊಟ್ಟವು. ಗಾಡಿ ಜೊತೆ ಬಂದ ಪುಸ್ತಕ ನೋಡಿದರೆ ಯಾವುದು ಏನು ಅಂತ ಗೊತ್ತಾಗುತ್ತದೆ. ಹೊರಡುವ ಮೊದಲೇ ನೋಡಿಟ್ಟುಕೊಳ್ಳಿ. ಮೊಣಕಾಲುದ್ದ ಕೆಸರಲ್ಲಿ ನಿಂತು ಓದೋಕೆ ಆಗಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತು. ಹಗ್ಗದ ಸರದಿ ಬರಬೇಕಾದದ್ದು ಕೊನೆಗೆ. ನಾನೂ ಮೊದಮೊದಲು ಹೂತ ತಕ್ಷಣ ಆಕ್ಸಿಲರೇಟರ್ ತುಳಿದು ಕೆಟ್ಟಿದ್ದೇನೆ. ಚಕ್ರ ಸುತ್ತಿದಷ್ಟೂ ಗುಂಡಿ ಆಳವಾಗುತ್ತದೆ, ಗಾಡಿಯ ಹೊಟ್ಟೆ ನೆಲಕ್ಕೆ ಕೂತುಬಿಡುತ್ತದೆ. ಫೋರ್ ಬೈ ಫೋರ್ ಇದ್ದರೂ ಡಿಫ್ ಲಾಕ್ (ಒಂದು ಆಕ್ಸಲ್‌ನ ಎರಡೂ ಚಕ್ರ ಒಟ್ಟಿಗೇ ತಿರುಗುವ ಹಾಗೆ ಬಿಗಿಯುವ ಸಾಧನ) ಇಲ್ಲದಿದ್ದರೆ ಹಿಡಿತ ತಪ್ಪಿದ ಚಕ್ರವೇ ಗಿರಗಿರ ತಿರುಗುತ್ತದೆ. ಅದೇ ಆಕ್ಸಲ್‌ನ ಇನ್ನೊಂದು ಚಕ್ರ ಗಟ್ಟಿ ನೆಲದ ಮೇಲಿದ್ದೂ ಸುಮ್ನೆ ನಿಂತಿರುತ್ತದೆ. ಆಗ ಇಳಿದು ಸಲಿಕೆ ಹಿಡಿಯಿರಿ. ಹೊಟ್ಟೆಯ ಕೆಳಗಿನ ಮಣ್ಣು ತೆಗೆಯಿರಿ, ಚಕ್ರ ಹೋಗಬೇಕಾದ ಕಡೆಗೆ ಇಳಿಜಾರು ಮಾಡಿಕೊಡಿ. ಮರಳಾದರೆ ಟೈರ್ ಗಾಳಿಯನ್ನು 15–18 ಪಿಎಸ್‌ಐಗೆ ಇಳಿಸಿ. ಬಂದ ದಾರಿಯಲ್ಲೇ ರಿವರ್ಸ್ ಹೋಗಲು ನೋಡಿ, ಅಲ್ಲಿ ನೆಲ ಆಗಲೇ ಒತ್ತಿಕೊಂಡಿರುತ್ತದೆ. ಬೆವರು ಬರುವ ಕೆಲಸ, ಒಪ್ಪಿದೆ. ಆದರೆ ಬಹಳ ಸಲ ಇಷ್ಟಕ್ಕೇ ಗಾಡಿ ಮೇಲೆ ಬಂದುಬಿಡುತ್ತದೆ. ಬರದಿದ್ದರೂ ಎಳೆಯುವ ಗಾಡಿಗೆ ಭಾರ ಕಮ್ಮಿಯಾಗುತ್ತದೆ.

ಇನ್ನು ಎಳೆಯೋದು. ಜಗ್ಗಿ ಎಳೆಯಲು ಹಿಗ್ಗುವ ನೈಲಾನ್ ಸ್ನ್ಯಾಚ್ ಸ್ಟ್ರ್ಯಾಪ್ ಬೇಕು. ಸುಮಾರು ಶೇಕಡಾ 20 ಹಿಗ್ಗುತ್ತದೆ, ಅಂದರೆ 9 ಮೀಟರ್‌ನದು ಹತ್ತಿರಹತ್ತಿರ 11 ಮೀಟರ್ ಆಗುತ್ತದೆ. ಆ ಹಿಗ್ಗಿನಲ್ಲಿ ಕೂಡಿದ ಶಕ್ತಿಯೇ ಗಾಡಿಯನ್ನು ಮೆಲ್ಲಗೆ ಕಿತ್ತು ತರುತ್ತದೆ. ಮಾಮೂಲಿ ಟೋ ಹಗ್ಗ, ಸರಪಳಿ, ಕಬ್ಬಿಣದ ವೈರು ಹಿಗ್ಗಲ್ಲ, ಜಗ್ಗಿದರೆ ಏನಾದರೊಂದು ಮುರಿಯುತ್ತದೆ. ಎರಡು ಗಾಡಿಗಳಲ್ಲಿ ಹಗುರವಾದದ್ದರ ಒಟ್ಟು ತೂಕದ 2–3 ಪಟ್ಟು ತಡೆಯುವ ಸ್ಟ್ರ್ಯಾಪ್ ಸರಿ. ಇನ್ನೂ ದಪ್ಪ ತಂದರೆ ಅದು ಸರಿಯಾಗಿ ಹಿಗ್ಗುವುದೇ ಇಲ್ಲ.

ಉದ್ದ ಸಾಲದೆ ಎರಡು ಸ್ಟ್ರ್ಯಾಪ್ ಸೇರಿಸಬೇಕಾದರೆ ನಡುವೆ ಕಬ್ಬಿಣದ ಶ್ಯಾಕಲ್ (ಪಿನ್ ತಿರುಗಿಸಿ ಮುಚ್ಚುವ ಯು ಆಕಾರದ ಕೊಂಡಿ) ಬೇಡವೇ ಬೇಡ. ಸ್ಟ್ರ್ಯಾಪ್ ಹರಿದರೆ ಅದೂ ಗುಂಡಿನ ಹಾಗೆ ಹಾರುತ್ತದೆ. ಒಂದರ ಕುಣಿಕೆಯೊಳಗೆ ಇನ್ನೊಂದನ್ನು ತೂರಿಸಿ, ಗಂಟಿನ ಮಧ್ಯೆ ಸುರುಳಿ ಸುತ್ತಿದ ಹಳೇ ಮ್ಯಾಗಜೀನ್ ಇಡಿ. ಇಲ್ಲದಿದ್ದರೆ ಎಳೆದ ಮೇಲೆ ಆ ಗಂಟು ಬಿಚ್ಚಲ್ಲ. ಗಾಡಿಯ ಕೊಂಡಿಗೆ ಹಾಕುವ ಶ್ಯಾಕಲ್‌ನ ಪಿನ್ನನ್ನು ಕೈಯಲ್ಲಿ ಪೂರ್ತಿ ತಿರುಗಿಸಿ, ಕಾಲು ಸುತ್ತು ಹಿಂದೆ ಬಿಡಿ. ಆಗ ಅದು ಕಚ್ಚಿಕೊಳ್ಳಲ್ಲ.

ಹಗ್ಗದ ನಡುಭಾಗದ ಮೇಲೆ ಒದ್ದೆ ಕಂಬಳಿಯೋ ಭಾರದ ಚೀಲವೋ ಹಾಕಿ. ಹರಿದರೆ ಅದರ ಓಟ ತಗ್ಗುತ್ತದೆ. ನೋಡುತ್ತ ನಿಂತವರು ಹಗ್ಗದ ಉದ್ದದ ಒಂದೂವರೆ ಪಟ್ಟು ದೂರ, ಪಕ್ಕಕ್ಕೆ ಸರಿದು ನಿಲ್ಲಲಿ. ಫೋನ್ ಹಿಡಿದು ವಿಡಿಯೋ ಮಾಡುವವರೇ ಜಾಸ್ತಿ ಹತ್ತಿರ ಬರೋದು. ಗಾಡಿಯೊಳಗೆ ಡ್ರೈವರ್ ಬಿಟ್ಟು ಯಾರೂ ಬೇಡ. ಸ್ಟ್ರ್ಯಾಪ್‌ನಲ್ಲಿ 2–3 ಮೀಟರ್ ಸಡಿಲ ಬಿಟ್ಟು, ಮೆಲ್ಲಗೆ ಹೊರಡಿ. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಎರಡು ಮೂರು ಸಲ ಎಳೆದರೂ ಗಾಡಿ ಕದಲದಿದ್ದರೆ ಇನ್ನೂ ಜೋರಾಗಿ ಜಗ್ಗಬೇಡಿ, ಮತ್ತೆ ಸಲಿಕೆ ತೆಗೆದುಕೊಳ್ಳಿ.

ಮೇಲೆ ಬಂದ ಮೇಲೆ ರಸ್ತೆಗಿಳಿಯುವ ಮೊದಲು ಟೈರಿಗೆ ಗಾಳಿ ತುಂಬಿ. ಸ್ಟ್ರ್ಯಾಪನ್ನು ಕೆಸರಿನ ಸಮೇತ ಸುತ್ತಿ ಡಿಕ್ಕಿಗೆ ಎಸೆಯಬೇಡಿ. ಒಳಗೆ ಸೇರಿದ ಮರಳು ನೂಲನ್ನು ಕೊಯ್ಯುತ್ತದೆ, ಒದ್ದೆ ನೈಲಾನ್‌ಗೆ ಬಲವೂ ಕಮ್ಮಿ. ಮನೆಗೆ ಬಂದು ಬರಿ ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ.